ಪಾರ್ಕ್ ಜಾಗದಾಗ ಕಲ್ಲು ನೆಟ್ಟಾರೆ: ಮೊದಲು ಯಾವ ಕಾಗದ, ಯಾವ ಕಚೇರಿ?

ಪ್ಲಾಟ್ 14, 2ನೇ ಕ್ರಾಸ್:
ತಾಳೂರು ರಸ್ತೆ ಕಡೆ ಇರೋ ಪಾರ್ಕ್ ಮೂಲೇಲಿ ರಾತ್ರೋರಾತ್ರಿ ಕಲ್ಲು ನೆಟ್ಟು ಮುಳ್ಳುತಂತಿ ಎಳೆದಾರೆ. "ಈ ಸ್ವತ್ತು ಖಾಸಗಿ" ಅಂತ ಬೋರ್ಡ್ ಬೇರೆ. ಲೇಔಟ್ ಮಾಡಿದವರ ಅಣ್ಣತಮ್ಮಂದಿರ ಪಾಲು ಅಂತೆ. ಬೆಳಿಗ್ಗೆ ಹತ್ತು ಜನ ಬಂದ್ರೆ ಕಿತ್ತು ಹಾಕಬಹುದು. ಯಾರ್ಯಾರು ಬರ್ತೀರಿ?

ವಕೀಲರು, 5ನೇ ಕ್ರಾಸ್:
ಯಾರೂ ಕಲ್ಲು ಮುಟ್ಟಬೇಡ್ರಿ. ಕಿತ್ತರೆ ಮೊದಲ ದೂರು ಅವರದು, ಆರೋಪಿಗಳು ನಾವು. ಜಾಗ ಯಾರದು ಅನ್ನೋ ಪ್ರಶ್ನೆ ಆಮೇಲೆ ಯಾರೂ ಕೇಳಲ್ಲ.

ಈಗ ಬೇಕಿರೋದು ಫೋಟೊ. ಲೊಕೇಶನ್ ಆನ್ ಮಾಡಿ, ಕಲ್ಲಿನ ಜೊತೆ ಪಕ್ಕದ ಕರೆಂಟ್ ಕಂಬದ ನಂಬರೂ ಕಾಣೋ ಹಂಗೆ ತೆಗೀರಿ. ಈ ವಾಟ್ಸಾಪ್ ಗುಂಪಿಗೆ ಹಾಕಿದ ಪ್ರತಿ ಕೋರ್ಟಿಗೆ ಸಾಲದು. ವಾಟ್ಸಾಪ್ ಫೋಟೊ ಕುಗ್ಗಿಸುತ್ತೆ, ಒಳಗಿರೋ ತಾರೀಖು, ಜಾಗದ ವಿವರ ಹೋಗಿಬಿಡುತ್ತೆ. ಮೂಲ ಫೈಲ್ ತೆಗೆದ ಫೋನಲ್ಲೇ ಇರಲಿ. ಮುಂದೆ ಸಾಕ್ಷ್ಯವಾಗಿ ಹಾಜರುಪಡಿಸೋವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಮಾಣಪತ್ರ ಬೇಕು, ಅದಕ್ಕೆ ಫೋಟೊ ತೆಗೆದವರ ಸಹಿ ಕೇಳ್ತಾರೆ. ಅದಕ್ಕೇ ಸಹಿ ಹಾಕೋಕೆ ಹಿಂಜರಿಯದವರು ತೆಗೀರಿ.

ಪ್ಲಾಟ್ 31:
ನಕ್ಷೇಲಿ ಹಸಿರು ಬಣ್ಣ ಬಳಿದು ಪಾರ್ಕ್ ಅಂತ ಬರೆದೈತಲ್ಲ ಸರ್, ಇನ್ನೇನು ವಾದ?

ನಿವೃತ್ತ ಭೂಮಾಪಕರು, 1ನೇ ಕ್ರಾಸ್:
ನಿಮ್ಮ ಹತ್ರ ಇರೋದು ಪ್ಲಾಟ್ ಮಾರೋವಾಗ ಕೊಟ್ಟ ಬಣ್ಣದ ಹಾಳೆ. ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ನಕ್ಷೆ ಬೇರೆ. ಅದರಲ್ಲಿ ಆದೇಶ ಸಂಖ್ಯೆ, ತಾರೀಖು, ಸಹಿ, ಮೊಹರು ಇರುತ್ತೆ. ಮೂಲೇಲಿ ಒಂದು ಕೋಷ್ಟಕ: ನಿವೇಶನಕ್ಕೆಷ್ಟು, ರಸ್ತೆಗೆಷ್ಟು, ಉದ್ಯಾನಕ್ಕೆಷ್ಟು, ಸಿಎ (ನಾಗರಿಕ ಸೌಲಭ್ಯ) ನಿವೇಶನಕ್ಕೆಷ್ಟು. ನಮಗೆ ಬೇಕಿರೋದು ಅದರ ದೃಢೀಕೃತ ಪ್ರತಿ.

ಅಳತೆ ಓದೋವಾಗ ಹುಷಾರು. ನಕ್ಷೇಲಿ ಚದರ ಮೀಟರ್, ಪಹಣೀಲಿ ಎಕರೆ-ಗುಂಟೆ-ಆಣೆ, ನಮ್ಮ ಬಾಯಲ್ಲಿ ಅಡಿ. ಗುಂಟೆಗೆ 1,089 ಚದರ ಅಡಿ, ಅಂದ್ರೆ 101 ಚದರ ಮೀಟರ್ ಚಿಲ್ಲರೆ. ಉದ್ಯಾನ 1,200 ಚದರ ಮೀಟರ್ ಅಂತ ಇದ್ರೆ ಅದು ಸುಮಾರು 11 ಗುಂಟೆ 14 ಆಣೆ. 30×40 ಪ್ಲಾಟೂ 1,200ನೇ, ಆದ್ರೆ ಅಡಿ. ಅರ್ಜೀಲಿ ಮಾನ ಬರೆಯದೆ ಬರೀ 1,200 ಅಂತ ಹಾಕಿದ್ರೆ ಹತ್ತು ಪ್ಲಾಟಿಗೂ ಮೇಲಿನ ಜಾಗ ಕಾಗದದ ಮೇಲೆ ಒಂದೇ ಪ್ಲಾಟಾಗುತ್ತೆ.

ವಕೀಲರು, 5ನೇ ಕ್ರಾಸ್:
ಅಸಲಿ ಗಂಟು ಇರೋದು ಹಸ್ತಾಂತರದಲ್ಲಿ. ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ 1987ರ ಕಲಂ 32ರ ಅಡಿ ಲೇಔಟ್ ಅನುಮೋದನೆ ಆಗುತ್ತೆ. ರಸ್ತೆ, ಪಾರ್ಕ್ ಜಾಗವನ್ನ ಲೇಔಟ್ ಮಾಡಿದವರು ಪುಕ್ಕಟೆ ಬಿಟ್ಟುಕೊಡಬೇಕು, ಅದಕ್ಕೆ ನೋಂದಾಯಿತ ಪತ್ರ ಆಗಬೇಕು. ಪತ್ರ ಆಗದಿದ್ರೆ ಪಹಣಿಯ 9ನೇ ಕಾಲಂನಲ್ಲಿ ಹಳೇ ಮಾಲೀಕರ ಹೆಸರೇ ಉಳಿಯುತ್ತೆ. ಅವರು ತೀರಿಕೊಂಡ ಮೇಲೆ ಮಕ್ಕಳು ಪೌತಿ ಖಾತೆ ಮಾಡಿಸ್ತಾರೆ, ಆಮೇಲೆ ಪಾಲು, ಆಮೇಲೆ ಕಲ್ಲು. ಇಲ್ಲೂ ಹಂಗೇ ಆಗಿರಬಹುದು.

ಹಂಗಾಗಿ ಇವತ್ತೇ ಮೂರು ಕಾಗದ ತೆಗೀರಿ. ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಿಂದ ಪಹಣಿ ಮತ್ತು ಮ್ಯುಟೇಶನ್ (ಹಕ್ಕು ಬದಲಾವಣೆ ದಾಖಲೆ), ನೋಂದಣಿ ಇಲಾಖೆಯ ಕಾವೇರಿ 2.0ದಲ್ಲಿ ಋಣಭಾರ ಪತ್ರ (ಇಸಿ). ಇಸಿಗೆ ಪ್ಲಾಟ್ ನಂಬರ್ ಹಾಕಿದ್ರೆ ಏನೂ ಸಿಗಲ್ಲ, ಯಾಕಂದ್ರೆ ಪಾರ್ಕಿಗೆ ಪ್ಲಾಟ್ ನಂಬರೇ ಇಲ್ಲ. ಸರ್ವೆ ನಂಬರ್, ಹಿಸ್ಸಾ (ಅದರ ಉಪಭಾಗದ ನಂಬರ್) ಹಾಕಿ, ಲೇಔಟ್ ಆದೇಶಕ್ಕಿಂತ ಹಿಂದಿನ ವರ್ಷದಿಂದ ಕೇಳ್ರಿ. ವಹಿವಾಟು ಇದ್ರೆ ನಮೂನೆ 15, ಇಲ್ದಿದ್ರೆ ನಮೂನೆ 16 ಬರುತ್ತೆ. 16 ಬಂತು ಅಂತ ಖುಷಿ ಪಡಬೇಡ್ರಿ. ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಪತ್ರವೂ ಆಗಿಲ್ಲ ಅಂತಲೂ ಅದರರ್ಥ.

ಪ್ಲಾಟ್ 31:
ಪತ್ರ ಆಗಿಲ್ಲ ಅಂದ್ರೆ ಜಾಗ ಹೋದಂಗಾ?

ವಕೀಲರು, 5ನೇ ಕ್ರಾಸ್:
ಇಲ್ಲ. ಅನುಮೋದಿತ ನಕ್ಷೇಲಿ ಪಾರ್ಕಿಗೆ ಮೀಸಲಿಟ್ಟ ಜಾಗವನ್ನ ಮನಸ್ಸು ಬಂದಂಗೆ ಬದಲಿಸೋ ಹಂಗಿಲ್ಲ. ಬೆಂಗಳೂರಿನ ಪಾರ್ಕ್ ಜಾಗವೊಂದನ್ನ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನ ಸುಪ್ರೀಂ ಕೋರ್ಟ್ 1991ರಲ್ಲಿ ಮುದ್ದಪ್ಪ ಪ್ರಕರಣದಲ್ಲಿ ಒಪ್ಪಲಿಲ್ಲ, ಅಲ್ಲಿನ ನಿವಾಸಿಗಳಿಗೆ ಪ್ರಶ್ನಿಸೋ ಹಕ್ಕಿದೆ ಅಂತಲೂ ಹೇಳ್ತು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆ 1985ರ ರಾಜ್ಯ ಕಾಯ್ದೆ ಬೇರೆ ಐತೆ. ಪತ್ರ ಇದ್ರೆ ಕೆಲಸ ಬೇಗ ಆಗುತ್ತೆ, ಇಲ್ದಿದ್ರೆ ನಿಧಾನ. ಅಷ್ಟೇ ವ್ಯತ್ಯಾಸ.

3ನೇ ಕ್ರಾಸ್ ಅಕ್ಕ:
ಇಷ್ಟೆಲ್ಲ ಯಾಕ್ರಿ, ಒಂದು ಕಟ್ಟೆ ಕಟ್ಟಿ ನಾಗಪ್ಪನ್ನ ಕೂಡಿಸಿದ್ರೆ ಯಾರೂ ಹತ್ರ ಬರಲ್ಲ.

ವಕೀಲರು, 5ನೇ ಕ್ರಾಸ್:
ಅಕ್ಕಾ, ಅದು ಬೇಡವೇ ಬೇಡ. ರಸ್ತೆ, ಪಾರ್ಕಿನಂಥ ಸಾರ್ವಜನಿಕ ಜಾಗದಲ್ಲಿ ಹೊಸದಾಗಿ ಗುಡಿ, ಮಸೀದಿ, ಚರ್ಚ್ ಏನೂ ಅನುಮತಿ ಇಲ್ದೆ ಕಟ್ಟಬಾರದು ಅಂತ ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲೇ ಆದೇಶ ಮಾಡೈತೆ. ರಾಜ್ಯದ 2021ರ ಕಾಯ್ದೆ ಕಾಪಾಡೋದು ಅದು ಜಾರಿಗೆ ಬರೋ ಮುಂಚೆ ಇದ್ದವನ್ನ ಮಾತ್ರ. ಕಟ್ಟೆ ಕಟ್ಟಿದ್ರೆ ಒತ್ತುವರಿದಾರರು ನಾವೂ ಆಗ್ತೀವಿ.

ಪ್ಲಾಟ್ 14, 2ನೇ ಕ್ರಾಸ್:
ಸರಿ ಸರ್. ಸರ್ವೆ ಮಾಡಿಸೋಕೆ ನಾವೇ ಅರ್ಜಿ ಹಾಕಬಹುದಾ?

ನಿವೃತ್ತ ಭೂಮಾಪಕರು, 1ನೇ ಕ್ರಾಸ್:
ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸೋ ಸರ್ವೆ) ಸ್ವತ್ತಿನ ಹಕ್ಕುದಾರರೇ ಅರ್ಜಿ ಹಾಕಬೇಕು, ನಮ್ಮ ಅರ್ಜಿ ನಿಲ್ಲಲ್ಲ. "ಅನುಮೋದಿತ ನಕ್ಷೆ ಪ್ರಕಾರ ಉದ್ಯಾನದ ಗಡಿ ಅಳೆದು ಕಲ್ಲು ಹಾಕಿಸಿ" ಅಂತ ಬುಡಾ ಆಯುಕ್ತರಿಗೆ ಮನವಿ ಕೊಡ್ರಿ, ಒಂದು ಪ್ರತಿ ಪಾಲಿಕೆಗೆ. ಅಳೆಯೋ ದಿನ ಎದುರು ಪಾರ್ಟಿಗೂ ನೋಟಿಸ್ ಹೋಗಿರಬೇಕು, ಇಲ್ಲಾಂದ್ರೆ ಆ ಅಳತೆಗೇ ತಕರಾರು ತೆಗೀತಾರೆ.

ವಕೀಲರು, 5ನೇ ಕ್ರಾಸ್:
ಪಾಲಿಕೆ ಮನವೀಲಿ ಇನ್ನೊಂದು ಸಾಲು ಸೇರಿಸ್ರಿ: ಈ ಜಾಗಕ್ಕೆ ಯಾರ ಹೆಸರಿಗೂ ಇ-ಖಾತಾ ಕೊಡಬಾರದು, ಅರ್ಜಿ ಬಂದ್ರೆ ನಮ್ಮ ತಕರಾರು ಕೇಳಬೇಕು. ಉಪನೋಂದಣಿ ಕಚೇರಿಗೆ ಬರೀ ಪತ್ರ ಕೊಟ್ರೆ ನೋಂದಣಿ ನಿಲ್ಲುತ್ತೆ ಅಂತ ನಂಬಿ ಕೂರಬೇಡ್ರಿ, ಅಲ್ಲಿ ಕೇಳೋದು ಕೋರ್ಟ್ ಆದೇಶ.

ಪ್ರತಿ ಮನವಿಗೂ ಸ್ವೀಕೃತಿ ಮೊಹರು, ಆವಕ ಸಂಖ್ಯೆ ಬೇಕೇ ಬೇಕು. ಮುಂದೆ ಹೈಕೋರ್ಟಿಗೆ ಹೋದ್ರೆ (ನಮಗೆ ಧಾರವಾಡ ಪೀಠ, ರಾಯಚೂರಿನವರಿಗಾದ್ರೆ ಕಲಬುರಗಿ) "ಮೊದಲು ಅಧಿಕಾರಿಗಳನ್ನ ಕೇಳಿದ್ರಾ?" ಅನ್ನೋದಕ್ಕೆ ಉತ್ತರ ಆ ಮೊಹರೇ.

ಓಡಾಟಕ್ಕೆ ಅಡ್ಡಿ ಆಗಿರೋದಕ್ಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 152ರ ಅಡಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು, ಹಳೇ ಸಿಆರ್‌ಪಿಸಿ 133 ಅದು. ಬೇಗ ಆಗೋ ದಾರಿ. ಆದ್ರೆ ಎದುರಿನವರು ಸಾರ್ವಜನಿಕ ಹಕ್ಕೇ ಇಲ್ಲ ಅಂದು ನಂಬೋ ಅಂಥ ಪುರಾವೆ ತೋರಿಸಿದ್ರೆ, ಸಿವಿಲ್ ಕೋರ್ಟ್ ತೀರ್ಮಾನ ಆಗೋವರೆಗೂ ಅದು ಅಲ್ಲೇ ನಿಲ್ಲುತ್ತೆ. ಅದಕ್ಕೆ ಬುಡಾ ನಕ್ಷೆ ಕೈಗೆ ಬಂದ ಮೇಲೇ ಹಾಕೋಣ. ಸಿವಿಲ್ ದಾವೆಗೆ ಸರ್ಕಾರವೂ ಪಾರ್ಟಿ ಆದ್ರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 80ರ ಎರಡು ತಿಂಗಳ ನೋಟಿಸ್ ಬೇಕು. ತುರ್ತು ಇದ್ರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ದೆನೂ ಹಾಕಬಹುದು. ಖರ್ಚಿನ ಚಿಂತೆ ಇದ್ರೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗ್ತಾರೆ. ಸಹಾಯವಾಣಿ 15100.

ಪ್ಲಾಟ್ 22, ಮೇಡಂ:
ಬುಡಾ ನಕ್ಷೆ ತೆಗೆಸೋಕೆ ಆರ್‌ಟಿಐ ಅರ್ಜಿ ಸಂಘದ ಲೆಟರ್‌ಹೆಡ್‌ನಲ್ಲಿ ಬರೀಲಾ?

ವಕೀಲರು, 5ನೇ ಕ್ರಾಸ್:
ಬೇಡ ಮೇಡಂ, ನಿಮ್ಮ ಸ್ವಂತ ಹೆಸರಲ್ಲಿ. ಮಾಹಿತಿ ಹಕ್ಕು ಇರೋದು ನಾಗರಿಕರಿಗೆ. ಸಂಘದ ಹೆಸರಲ್ಲಿ ಹಾಕಿದ್ರೆ ತಿರಸ್ಕರಿಸೋಕೆ ನೆಪ ಸಿಗುತ್ತೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸ್ರಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. "ಯಾಕೆ ಕ್ರಮ ತಗೊಂಡಿಲ್ಲ" ಅಂತ ಕೇಳಬೇಡ್ರಿ, ಕಡತ ಕೇಳ್ರಿ. 30 ದಿನದಲ್ಲಿ ಉತ್ತರ ಬರದಿದ್ರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಪ್ಲಾಟ್ 22, ಮೇಡಂ:
ಕರಡು ನೋಡ್ರಿ: "ನಮ್ಮ ಬಡಾವಣೆಯ ಅನುಮೋದಿತ ವಿನ್ಯಾಸ ನಕ್ಷೆ ಹಾಗೂ ಅನುಮೋದನೆ ಆದೇಶದ ದೃಢೀಕೃತ ಪ್ರತಿ, ಉದ್ಯಾನ ಮತ್ತು ರಸ್ತೆಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ನೋಂದಾಯಿತ ಪತ್ರದ ಪ್ರತಿ, ಸದರಿ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಹಾಗೂ ಕಡತ ಪರಿಶೀಲನೆಗೆ ದಿನಾಂಕ."

ನಿವೃತ್ತ ಭೂಮಾಪಕರು, 1ನೇ ಕ್ರಾಸ್:
"ನಮ್ಮ ಬಡಾವಣೆಯ" ಅನ್ನೋದು ತೆಗೆದು ಗ್ರಾಮ, ಸರ್ವೆ ನಂಬರ್, ಹಿಸ್ಸಾ ಹಾಕ್ರಿ. ಲೇಔಟ್ ಹೆಸರಲ್ಲಿ ಹುಡುಕಿದ್ರೆ ಕಡತ ಸಿಗೋದು ಕಷ್ಟ. ನಿಮ್ಮ ಕ್ರಯಪತ್ರದ ಷೆಡ್ಯೂಲ್‌ನಲ್ಲಿ ಮೂರೂ ಇರ್ತವೆ.