ಲ್ಯಾಕ್ಟೇಸ್ ಜೀನ್ ಎಲ್ಲರಲ್ಲೂ ಇದ್ದ ಮೇಲೆ ಎಷ್ಟೋ ದೊಡ್ಡವರಿಗೆ ಹಾಲು ಯಾಕೆ ಅರಗಲ್ಲ?

ಪಿಯುಸಿ_ಜೀವಶಾಸ್ತ್ರ:

ಜೀನ್ ನಿಯಂತ್ರಣದ ಪಾಠಕ್ಕೆ ಬ್ಯಾಕ್ಟೀರಿಯಾದ ಲ್ಯಾಕ್ ಓಪೆರಾನ್ (ಲ್ಯಾಕ್ಟೋಸ್ ಸಿಕ್ಕಾಗ ಚಾಲೂ ಆಗುವ ಜೀನ್‌ಗಳ ಗುಂಪು) ಒಂದೇ ಸಾಲದು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವದ್ದು, ಅಂದರೆ ಮನುಷ್ಯರ ಲ್ಯಾಕ್ಟೇಸ್ ಜೀನನ್ನೂ ಸೇರಿಸಬೇಕು ಅಂತ ಟಿಪ್ಪಣಿ ಮಾಡುತ್ತಿದ್ದೇನೆ. ಹಾಲು ಅರಗದವರಲ್ಲಿ ಜೀನೇ ಕೆಟ್ಟಿರುತ್ತದೋ, ಇಲ್ಲ ಕೆಲಸ ನಿಲ್ಲಿಸಿರುತ್ತದೋ? ದಿನಾ ಹಾಲು ಕುಡಿಯುತ್ತಿದ್ದರೆ ಓಪೆರಾನ್‌ನಲ್ಲಿ ಆಗುವ ಹಾಗೆ ಅದು ಮತ್ತೆ ಶುರುವಾಗುತ್ತದೆಯೇ? ಇನ್ನೊಂದು ಗೊಂದಲ: ಪುಸ್ತಕಗಳಲ್ಲಿ ಈ ಗುಣಕ್ಕೆ ಡಿಎನ್‌ಎ ಅಕ್ಷರ ‘ಸಿ’ ಮತ್ತು ‘ಟಿ’ ಅಂತಿದೆ, ಕೆಲವು ಡಿಎನ್‌ಎ ವರದಿಗಳಲ್ಲಿ ‘ಜಿ’ ಮತ್ತು ‘ಎ’ ಅಂತಿದೆ. ಯಾವುದು ಸರಿ?

ಡಿಎನ್‌ಎ_ಬೆಂಚ್:

ಜೀನ್ ಕೆಟ್ಟಿರುವುದಿಲ್ಲ. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದ ಕಾಯಿಲೆ ಬೇರೆ, ಬಹಳ ಅಪರೂಪ. ಜೀನೇ ಹಾಳಾಗಿರುವುದು ಅದರಲ್ಲಿ. ಮಿಕ್ಕಂತೆ ಹಾಲು ಅರಗುವವರಲ್ಲೂ ಅರಗದವರಲ್ಲೂ 2ನೇ ಕ್ರೋಮೊಸೋಮಿನ ಎಲ್‌ಸಿಟಿ ಜೀನ್ ಕೊಡುವ ಕಿಣ್ವ ಒಂದೇ. ವ್ಯತ್ಯಾಸ ಇರುವುದು ಅದನ್ನು ಚಾಲೂ ಇಡುವ ಸ್ವಿಚ್ಚಿನಲ್ಲಿ.

ಆ ಸ್ವಿಚ್ ಜೀನ್ ಶುರುವಾಗುವ ಜಾಗಕ್ಕಿಂತ 13,910 ಅಕ್ಷರ ಹಿಂದಿದೆ, ಅದೂ ಪಕ್ಕದ ಎಂಸಿಎಂ6 ಜೀನಿನ 13ನೇ ಇಂಟ್ರಾನ್ (ಪ್ರೋಟೀನಿಗೆ ಸೂಚನೆ ಕೊಡದ ತುಂಡು) ಒಳಗೆ. ಎಂಸಿಎಂ6ಗೂ ಹಾಲಿಗೂ ಯಾವ ಸಂಬಂಧವೂ ಇಲ್ಲ, ಅದು ಡಿಎನ್‌ಎ ನಕಲಾಗುವಾಗ ಎಳೆ ಬಿಡಿಸುವ ಪ್ರೋಟೀನಿನದು. ಆ ಜಾಗದಲ್ಲಿ ‘ಸಿ’ ಬದಲು ‘ಟಿ’ ಇದ್ದರೆ ಆಕ್ಟ್-1 ಎಂಬ ಪ್ರೋಟೀನ್ ಅಲ್ಲಿ ಹೆಚ್ಚು ಗಟ್ಟಿಯಾಗಿ ಕೂರುತ್ತದೆ. ಅಷ್ಟು ದೂರದಿಂದ ಜೀನಿಗೆ ಹೇಗೆ ಎಟುಕುತ್ತದೆ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಒಂದು ದಾರವನ್ನು ಮಡಿಚಿ ಎರಡು ಗಂಟು ಒಂದಕ್ಕೊಂದು ತಾಗಿಸಿ ತೋರಿಸಿ. ಡಿಎನ್‌ಎ ಹಾಗೆ ಬಾಗಿ ಆ ಸ್ವಿಚ್ಚನ್ನು, ಅಂದರೆ ಎನ್‌ಹಾನ್ಸರನ್ನು, ಜೀನಿನ ಓದು ಶುರುವಾಗುವ ಪ್ರಮೋಟರ್ ಹತ್ತಿರ ತರುತ್ತದೆ. ‘ಸಿ’ ಇರುವ ಪ್ರತಿಯಲ್ಲಿ ವಯಸ್ಸಾದಂತೆ ಈ ಭಾಗದ ಮೇಲೆ ಮೀಥೈಲ್ ಗುಂಪುಗಳು (ಜೀನನ್ನು ಸುಮ್ಮನಾಗಿಸುವ ರಾಸಾಯನಿಕ ಗುರುತುಗಳು) ಸೇರುತ್ತಾ ಹೋಗಿ ಎಂಆರ್‌ಎನ್‌ಎ, ಅಂದರೆ ಕಿಣ್ವ ಕಟ್ಟಲು ಬೇಕಾದ ಜೀನಿನ ನಕಲು, ತಯಾರಾಗುವುದು ಇಳಿಯುತ್ತದೆ.

ಇದು ಸ್ವಿಚ್ಚಿನ ವಿಷಯವೇ ಅನ್ನುವುದಕ್ಕೆ ನನಗೆ ಅತಿ ಮೆಚ್ಚಿಗೆಯಾದ ಪುರಾವೆ ಸಿ/ಟಿ ಇರುವ, ಅಂದರೆ ಜೀನಿನ ಎರಡು ಪ್ರತಿಗಳಲ್ಲಿ ಒಂದರ ಹತ್ತಿರ ‘ಸಿ’, ಇನ್ನೊಂದರ ಹತ್ತಿರ ‘ಟಿ’ ಇರುವ ದೊಡ್ಡವರದ್ದು. ಅವರ ಸಣ್ಣ ಕರುಳಿನ ಚೂರು ತೆಗೆದು ಎಂಆರ್‌ಎನ್‌ಎ ನೋಡಿದರೆ ಅದರ ಬಹುಪಾಲು ‘ಟಿ’ ಇರುವ ಪ್ರತಿಯಿಂದಲೇ ಬಂದಿರುತ್ತದೆ. ಎರಡು ಪ್ರತಿಯೂ ಅದೇ ಜೀವಕೋಶದೊಳಗೆ, ಅದೇ ಹಾರ್ಮೋನು, ಅದೇ ಊಟ. ಆದರೂ ಒಂದು ಮಾತಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಹೊರಗಿನ ಯಾವುದೋ ಸಂಕೇತ ಕಾರಣವಾಗಿದ್ದರೆ ಎರಡೂ ಒಟ್ಟಿಗೆ ಏರಿಳಿಯಬೇಕಿತ್ತು. ಸಿ/ಟಿ ಇದ್ದವರಲ್ಲಿ ಕಿಣ್ವ ಟಿ/ಟಿಯವರಿಗಿಂತ ಕಡಿಮೆ, ಆದರೆ ಹಾಲು ಅರಗಿಸಲು ಅಷ್ಟು ಸಾಕು. ಹಾಗಾಗಿ ಗುಣ ಪ್ರಬಲವೆಂದು ಕಾಣುತ್ತದೆ.

ಅಕ್ಷರದ ಗೊಂದಲ ಸುಲಭ, ಎರಡೂ ಸರಿ. ಎಲ್‌ಸಿಟಿ ಜೀನನ್ನು ಓದುವುದು ಉಲ್ಲೇಖ ಜೀನೋಮಿನ (ಹೋಲಿಕೆಗೆ ಬಳಸುವ ಮಾದರಿ ಡಿಎನ್‌ಎ) ಎದುರು ಎಳೆಯಿಂದ. ಜೀನಿನ ಎಳೆಯ ‘ಸಿ’ ಉಲ್ಲೇಖ ಎಳೆಯಲ್ಲಿ ‘ಜಿ’, ‘ಟಿ’ ಅಲ್ಲಿ ‘ಎ’. ವರದಿಯಲ್ಲಿ ಈ ಜಾಗದ ಗುರುತು ಸಂಖ್ಯೆಯಾದ ಆರ್‌ಎಸ್4988235 ಎದುರು ಜಿ/ಜಿ ಅಂತಿದ್ದರೆ ಅದು ಸಿ/ಸಿ. ‘ಟಿ’ ಹುಡುಕಿ ಸಿಗದೆ ವರದಿಯೇ ತಪ್ಪು ಅಂದುಕೊಳ್ಳುವವರು ಬಹಳ ಜನ.

ಕರುಳು_ವಿಭಾಗ:

ಎರಡನೇ ಪ್ರಶ್ನೆಗೆ ಖಚಿತ ಉತ್ತರ: ಆಗುವುದಿಲ್ಲ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ಟೋಸಿನಿಂದಾಗುವ ಅಲೋಲ್ಯಾಕ್ಟೋಸ್, ಜೀನನ್ನು ತಡೆಯುವ ರಿಪ್ರೆಸರನ್ನು ಅದು ಕೂತಿರುವ ಆಪರೇಟರ್ ಜಾಗದಿಂದ ಬಿಡಿಸುತ್ತದೆ, ಸಕ್ಕರೆ ಬಂತೆಂದರೆ ಜೀನ್ ಎಚ್ಚರವಾಗುತ್ತದೆ. ನಮ್ಮ ಕರುಳಿನ ಕೋಶ ಲ್ಯಾಕ್ಟೋಸಿಗೆ ಹಾಗೆ ಓಗೊಡುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹಾಲು ಕುಡಿದು ಅಭ್ಯಾಸವಾದವರಲ್ಲಿ ಬದಲಾಗುವುದು ದೊಡ್ಡ ಕರುಳಿನ ಬ್ಯಾಕ್ಟೀರಿಯಾ, ಜೀನಲ್ಲ. ಈ ಎರಡನ್ನೂ ಒಂದೇ ತರಗತಿಯಲ್ಲಿ ಪಕ್ಕಪಕ್ಕ ಇಟ್ಟು ಹೇಳಿ, ಇಲ್ಲದಿದ್ದರೆ ಪರೀಕ್ಷೆಯಲ್ಲಿ ಒಂದನ್ನೊಂದು ಬೆರೆಸಿ ಬರೆಯುತ್ತಾರೆ.

ಗುಣವನ್ನು ಅಳೆಯುವುದು ಉಸಿರಿನ ಹೈಡ್ರೋಜನ್‌ನಿಂದ, ಅರಗದ ಲ್ಯಾಕ್ಟೋಸನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಒಡೆದಾಗ ಅದು ಹುಟ್ಟುತ್ತದೆ. 8–12 ಗಂಟೆ ಉಪವಾಸದ ಮೇಲೆ ಮೊದಲ ಉಸಿರು ತೆಗೆದುಕೊಂಡು, 25 ಗ್ರಾಂ ಲ್ಯಾಕ್ಟೋಸನ್ನು 250 ಮಿ.ಲೀ. ನೀರಿನಲ್ಲಿ ಕರಗಿಸಿ ಕುಡಿಸಿ, ಅರ್ಧ ಗಂಟೆಗೊಮ್ಮೆ 3 ಗಂಟೆ ಅಳೆಯುತ್ತಾರೆ. ಮೊದಲಿನ ಮಟ್ಟಕ್ಕಿಂತ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ಏರಿದರೆ ಲ್ಯಾಕ್ಟೋಸ್ ಅರಗದೆ ದೊಡ್ಡ ಕರುಳಿಗೆ ಇಳಿದಿದೆ ಅಂತ ಅರ್ಥ. ಹಿಂದಿನ ರಾತ್ರಿ ಕಾಳಿನ ಪಲ್ಯ, ಬೇಳೆ ಹುಳಿ ಬೇಡ, ಬರೀ ಬಿಳಿ ಅನ್ನ ಸಾಕು. ಕಾಳು ತಿಂದಿದ್ದರೆ ಮೊದಲ ಉಸಿರಲ್ಲೇ ಹೈಡ್ರೋಜನ್ ಮೇಲಿರುತ್ತದೆ. ಹಿಂದಿನ 4 ವಾರದಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಬ್ಯಾಕ್ಟೀರಿಯಾ ಕಡಿಮೆಯಾಗಿ ಸುಳ್ಳು ‘ನೆಗೆಟಿವ್’ ಬರಬಹುದು. ಕೆಲವರ ಕರುಳು ಹೈಡ್ರೋಜನ್ ಬದಲು ಮೀಥೇನ್ ಬಿಡುತ್ತದೆ, ಅವರಿಗೆ ಅದನ್ನೂ ಅಳೆಯಬೇಕು.

ಪಿಯುಸಿ_ಜೀವಶಾಸ್ತ್ರ:

ಇಬ್ಬರಿಗೂ ಧನ್ಯವಾದ. ‘ಟಿ’ ಭಾರತದ ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ ಅಂತ ಓದಿದೆ. ಹಾಗಿದ್ದರೆ ನಮ್ಮ ಕಡೆ ಸಿ/ಸಿ ಇರುವವರು ದಿನಕ್ಕೆರಡು ಕಾಫಿ ಕುಡಿದು, ಮೊಸರನ್ನ ತಿಂದು ಆರಾಮಾಗಿರುವುದು ಹೇಗೆ?

ಕರುಳು_ವಿಭಾಗ:

ಪ್ರಮಾಣ ನೋಡಿ. ಹಸುವಿನ ಹಾಲು 100 ಮಿ.ಲೀ.ಗೆ ಲ್ಯಾಕ್ಟೋಸ್ ಸುಮಾರು 4.7 ಗ್ರಾಂ. ಕಾಫಿಗೆ ಹಾಕುವ 60–80 ಮಿ.ಲೀ. ಹಾಲಿನಲ್ಲಿ ಹೆಚ್ಚೆಂದರೆ 4 ಗ್ರಾಂ. ಕಿಣ್ವ ಇಳಿದಿರುವ ಬಹುಪಾಲು ಜನ ಒಂದು ಸಲಕ್ಕೆ 12 ಗ್ರಾಂವರೆಗೆ ತಡೆದುಕೊಳ್ಳುತ್ತಾರೆ, ಊಟದ ಜೊತೆಯಾದರೆ ಇನ್ನೂ ಸಲೀಸು.

ಮೊಸರಿನಲ್ಲಿ ಸ್ವಲ್ಪ ಲ್ಯಾಕ್ಟೋಸನ್ನು ಹೆಪ್ಪಿನ ಬ್ಯಾಕ್ಟೀರಿಯಾ ಆಗಲೇ ಹುಳಿ ಮಾಡಿರುತ್ತದೆ. ಮಿಕ್ಕದ್ದಕ್ಕೆ ಅದರದ್ದೇ ಕಿಣ್ವ ಇದೆ: ಬ್ಯಾಕ್ಟೀರಿಯಾದ ಗೋಡೆಯೊಳಗೆ ಜಠರದ ಆಮ್ಲ ದಾಟಿ, ಸಣ್ಣ ಕರುಳಿನಲ್ಲಿ ಪಿತ್ತರಸ ತಾಗಿದಾಗ ಹೊರಬಂದು ಕೆಲಸ ಮಾಡುತ್ತದೆ. ಅದೇ ಮೊಸರನ್ನು ಮಜ್ಜಿಗೆ ಹುಳಿಗೆ ಹಾಕಿ ಚೆನ್ನಾಗಿ ಕುದಿಸಿದರೆ ಕಿಣ್ವ ಸತ್ತಿರುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಖೋವಾ ಹಾಗಲ್ಲ, ಒಂದು ಲೀಟರ್ ಹಾಲು ಇಂಗಿಸಿದ್ದರೆ ಸುಮಾರು 47 ಗ್ರಾಂ ಅದರಲ್ಲೇ ಉಳಿದಿರುತ್ತದೆ. ಕಾಫಿಗೆ ಏನೂ ಆಗದವರಿಗೂ ನಾಲ್ಕು ಪೇಡಾ ತಿಂದ ದಿನ ಹೊಟ್ಟೆ ಉಬ್ಬರಿಸಬಹುದು.

ಡಿಎನ್‌ಎ_ಬೆಂಚ್:

ಟಿಪ್ಪಣಿಗೆ ಇದೊಂದು ಸೇರಿಸಿ. ಸಿ/ಸಿ ಇದ್ದವರಿಗೆಲ್ಲ ಹಾಲು ಅರಗುವುದಿಲ್ಲ ಅಂತ ಬರೆಯಬೇಡಿ. ಕೀನ್ಯಾ, ಟಾಂಜಾನಿಯಾದ ದನಗಾಹಿಗಳಲ್ಲಿ 14,010ನೇ ಜಾಗದಲ್ಲಿ, ಅರಬ್ ನಾಡಿನಲ್ಲಿ 13,915ನೇ ಜಾಗದಲ್ಲಿ ಬೇರೆಯೇ ಬದಲಾವಣೆಗಳಾಗಿ ಅದೇ ಸ್ವಿಚ್ ಚಾಲೂ ಉಳಿದಿದೆ. 13,910 ಒಂದನ್ನೇ ನೋಡುವ ವರದಿಯಲ್ಲಿ ಅವರೆಲ್ಲ ಸಿ/ಸಿ ಎಂದೇ ಬರುತ್ತಾರೆ.