ಹಳೆಯ ರಸ್ತೆ ಕಾರು, ಹಳೆಯ ರೇಸ್ ಕಾರು: ಬೆಲೆ ಯಾವುದರ ಮೇಲೆ ನಿಲ್ಲುತ್ತದೆ? (ಅನುಭವ ಹಂಚಿಕೆ)

ಕೇಳಿದವರು:
ನನ್ನ ಮುಂದೆ ಎರಡು ಕಾರುಗಳಿವೆ. ಒಂದು 1962ರ ಜಾಗ್ವಾರ್ ಇ-ಟೈಪ್, ರಸ್ತೆಯಲ್ಲಿ ಓಡಿಸುವ ಸ್ಪೋರ್ಟ್ಸ್ ಕಾರು. ಪೂರ್ತಿಯಾಗಿ ರಿಸ್ಟೋರ್ (ದುರಸ್ತಿ ಮಾಡಿ ಮತ್ತೆ ಹೊಸದರಂತೆ) ಮಾಡಿಸಿದ್ದು, ಕನ್ನಡಿಯ ಹಾಗೆ ಹೊಳೆಯುತ್ತಿದೆ. ಇನ್ನೊಂದು ಅದೇ ಕಾಲದ ಫಾರ್ಮುಲಾ ಜೂನಿಯರ್ (ಸಣ್ಣ ಎಂಜಿನ್ನಿನ, ಒಬ್ಬರೇ ಕೂರುವ ಕಾರುಗಳ ವರ್ಗ) ರೇಸ್ ಕಾರು; ಬಣ್ಣ ಮಾಸಿದೆ, ಎಂಜಿನ್ ಬದಲಾಗಿದೆ, ಆದರೆ ಜೊತೆಯಲ್ಲಿ ಒಂದು ಪೆಟ್ಟಿಗೆಯಷ್ಟು ಹಳೆಯ ಕಾಗದಪತ್ರಗಳಿವೆ. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬೆಲೆ ಹೇಳುತ್ತಿದ್ದಾರೆ. ಬೆಲೆ ಕಟ್ಟುವಾಗ ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ರಸ್ತೆ ಕಾರುಗಳ ಸಂಗ್ರಹಕಾರರೊಬ್ಬರು:
ಇ-ಟೈಪಿನ ಹೊಳಪನ್ನು ಸ್ವಲ್ಪ ಹೊತ್ತು ಮರೆತು, ಅದರ ಸಂಖ್ಯೆಗಳನ್ನು ಓದಿ. ಚಾಸಿಸ್ (ಕಾರಿನ ಮೂಲ ಚೌಕಟ್ಟು), ಎಂಜಿನ್, ಗೇರ್‌ಬಾಕ್ಸ್, ಬಾಡಿ, ಈ ನಾಲ್ಕಕ್ಕೂ ಕಾರ್ಖಾನೆಯಲ್ಲಿಯೇ ಬೇರೆ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ. ಜಾಗ್ವಾರ್‌ನ ಹೆರಿಟೇಜ್ ಪ್ರಮಾಣಪತ್ರವನ್ನು ತರಿಸಿಕೊಂಡರೆ ಈ ಸಂಖ್ಯೆಗಳ ಜೊತೆಗೆ ಕಾರಿನ ಮೂಲ ಬಣ್ಣ, ತಯಾರಾದ ದಿನಾಂಕ, ಅದನ್ನು ಮೊದಲು ಕಳುಹಿಸಿದ ಸ್ಥಳ ಎಲ್ಲವೂ ತಿಳಿಯುತ್ತದೆ. ಪತ್ರದಲ್ಲಿರುವುದೂ ಲೋಹದ ಮೇಲಿರುವುದೂ ಒಂದೇ ಆಗಿದ್ದರೆ ಅದನ್ನು ‘ಮ್ಯಾಚಿಂಗ್ ನಂಬರ್ಸ್’ ಎನ್ನುತ್ತಾರೆ. ರಸ್ತೆ ಕಾರಿನ ಮಟ್ಟಿಗೆ ಮಾತುಕತೆ ಆರಂಭವಾಗುವುದೇ ಅಲ್ಲಿಂದ.

ವಿರಳತೆಯ ಬಗ್ಗೆಯೂ ಎಚ್ಚರವಿರಲಿ, ಏಕೆಂದರೆ ಕಡಿಮೆ ತಯಾರಾಗಿದೆ ಎಂಬ ಮಾತ್ರಕ್ಕೆ ಯಾವ ಕಾರೂ ದುಬಾರಿಯಾಗುವುದಿಲ್ಲ. ಯಾರಿಗೂ ಬೇಡವಾದ ಕಾರುಗಳೂ ಕಡಿಮೆಯೇ ತಯಾರಾಗಿದ್ದವು. ಎಲ್ಲರೂ ಬಯಸುವ ಒಂದು ಮಾದರಿಯೊಳಗೇ ಇರುವ ವಿರಳ ಆವೃತ್ತಿಗಾದರೆ ಬೆಲೆ ಏರುತ್ತದೆ. ಇ-ಟೈಪ್ ಒಟ್ಟು 70 ಸಾವಿರಕ್ಕೂ ಹೆಚ್ಚು ತಯಾರಾದ ಕಾರು. ಆದರೆ ರೇಸಿಗೆಂದು ಅಲ್ಯೂಮಿನಿಯಂನಲ್ಲಿ ಕಟ್ಟಿದ ಲೈಟ್‌ವೇಟ್ ಇ-ಟೈಪ್‌ಗಳು ಆ ಕಾಲದಲ್ಲಿ ಪೂರ್ಣಗೊಂಡದ್ದು 12 ಮಾತ್ರ. ಮರ್ಸಿಡಿಸ್ 300 ಎಸ್‌ಎಲ್ ಗಲ್‌ವಿಂಗ್ 1,400 ಬಂದವು, ಅವುಗಳಲ್ಲಿ ಅಲ್ಯೂಮಿನಿಯಂ ಬಾಡಿಯವು 29. ದೂರದಿಂದ ನೋಡಿದರೆ ಎರಡೂ ಒಂದೇ, ಬೆಲೆ ಮಾತ್ರ ಹಲವು ಪಟ್ಟು ಬೇರೆ. ಎಲ್ಲಿ ಇಂಥ ಅಂತರವಿದೆಯೋ ಅಲ್ಲಿ ನಕಲೂ ಹುಟ್ಟುತ್ತದೆ. 1973ರ ಪೋರ್ಷೆ 911 ಕರೇರಾ ಆರ್‌ಎಸ್ 2.7 ತಯಾರಾದದ್ದು 1,580. ಸಾಧಾರಣ 911ಕ್ಕೆ ಅದರ ಬಾಲದ ರೆಕ್ಕೆಯನ್ನೂ ಪಟ್ಟಿಯನ್ನೂ ಅಂಟಿಸಿದವುಗಳನ್ನು ನಾನೇ ಎಷ್ಟೋ ನೋಡಿದ್ದೇನೆ.

ರಿಸ್ಟೋರೇಶನ್ ಕೆಲಸ ಮಾಡುವವರೊಬ್ಬರು:
ಮೇಲಿನವರು ಹೇಳಿದ್ದಕ್ಕೆ ನನ್ನ ಕೈಯಾರೆ ಕಂಡದ್ದನ್ನು ಸೇರಿಸುತ್ತೇನೆ. ಒಮ್ಮೆ ಹೀಗೆಯೇ ಹೊಳೆಯುತ್ತಿದ್ದ ಒಂದು ಸ್ಪೋರ್ಟ್ಸ್ ಕಾರು ಸಣ್ಣ ದುರಸ್ತಿಗೆಂದು ನಮ್ಮಲ್ಲಿಗೆ ಬಂದಿತ್ತು. ಬಣ್ಣ ಕೆರೆದಾಗ, ಚಾಸಿಸ್ ಸಂಖ್ಯೆಯಿದ್ದ ತಗಡಿನ ತುಂಡನ್ನು ಬೇರೊಂದು ಕಾರಿನಿಂದ ಕತ್ತರಿಸಿ ತಂದು ಬೆಸುಗೆ ಹಾಕಿದ್ದು ಕಾಣಿಸಿತು. ಮಾಲೀಕರು ಕಾಗದವನ್ನೂ ನೋಡಿದ್ದರು, ಸಂಖ್ಯೆಯನ್ನೂ ನೋಡಿದ್ದರು. ಸಂಖ್ಯೆಯ ಸುತ್ತಲಿನ ಲೋಹವನ್ನು ಮಾತ್ರ ಯಾರೂ ನೋಡಿರಲಿಲ್ಲ.

ಆದ್ದರಿಂದ ರಿಸ್ಟೋರ್ ಆದ ಕಾರಿಗೆ ಕೆಲಸದ ಮೊದಲು ಮತ್ತು ಕೆಲಸದ ನಡುವೆ ತೆಗೆದ ಫೋಟೋಗಳನ್ನು ಕೇಳಿ. ಹೊಸ ತಗಡು ಎಷ್ಟು, ಹಳೆಯದು ಎಷ್ಟು ಎಂಬುದು ಬಣ್ಣ ಬಿದ್ದ ಮೇಲೆ ತಿಳಿಯುವುದಿಲ್ಲ. ಫೋಟೋಗಳೇ ಇಲ್ಲವೆಂದರೆ ನಾನಂತೂ ಅನುಮಾನದಿಂದಲೇ ಮುಂದುವರಿಯುತ್ತೇನೆ. ರಿಸ್ಟೋರೇಶನ್ನಿಗೆ ಹಾಕಿದ ಖರ್ಚೆಲ್ಲ ಬೆಲೆಯಲ್ಲಿ ಹಿಂದಿರುಗುತ್ತದೆ ಎಂಬುದು ಮಾರುವವರ ನಂಬಿಕೆಯೇ ಹೊರತು ಮಾರುಕಟ್ಟೆಯ ನಿಯಮವಲ್ಲ.

ಹೊಳಪಿಗಿಂತ ಮುಟ್ಟದೆ ಉಳಿದ ಮೂಲಸ್ಥಿತಿಗೇ ಹೆಚ್ಚು ಬೆಲೆ ಬರುವುದೂ ಉಂಟು. ನಟ ಅಲೈನ್ ಡೆಲಾನ್ ಅವರ ಬಳಿ ಒಮ್ಮೆ ಇದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ ಫ್ರಾನ್ಸಿನಲ್ಲಿ ಹಳೆಯ ಪತ್ರಿಕೆಗಳ ರಾಶಿಯ ಅಡಿಯಲ್ಲಿ ದೂಳು ಹಿಡಿದು ಸಿಕ್ಕಿತ್ತು. 2015ರ ಪ್ಯಾರಿಸ್ ಹರಾಜಿನಲ್ಲಿ ಅದು ಸುಮಾರು 1 ಕೋಟಿ 63 ಲಕ್ಷ ಯೂರೋಗಳಿಗೆ ಹೋಯಿತು, ಅದೂ ದೂಳಿನ ಸಮೇತ. ಆದರೆ ತುಕ್ಕು ಹಿಡಿದ ಎಲ್ಲ ಕಾರುಗಳಿಗೂ ಇದನ್ನು ಅನ್ವಯಿಸಿಕೊಂಡು ಬರುವವರನ್ನು ಕಂಡಾಗ ನಗು ತಡೆಯುವುದು ಕಷ್ಟ.

ಐತಿಹಾಸಿಕ ರೇಸುಗಳಲ್ಲಿ ಓಡಿಸುವವರೊಬ್ಬರು:
ನಿಮ್ಮ ಎರಡನೆಯ ಕಾರಿಗೆ ಮೊದಲನೆಯದರ ಅಳತೆಗೋಲನ್ನು ಹಿಡಿಯಬೇಡಿ. ರೇಸ್ ಕಾರು ಎಂದರೆ ಗುದ್ದಿಕೊಳ್ಳುವ, ಎಂಜಿನ್ ಸಿಡಿಯುವ, ವಾರ ಕಳೆಯುವುದರೊಳಗೆ ಮತ್ತೆ ಕಟ್ಟಿಸಿಕೊಂಡು ಓಡುವ ಯಂತ್ರ. 60 ವರ್ಷಗಳ ಬಳಿಕ ಅದರಲ್ಲಿ ಮೊದಲ ದಿನದ ಎಂಜಿನ್ನೇ ಇರಬೇಕೆಂದು ಕೇಳುವುದು ನ್ಯಾಯವಲ್ಲ. ಆ ಕಾಲದ, ಆ ಮಾದರಿಗೆ ಸಲ್ಲುವ ಎಂಜಿನ್ ಇದ್ದರೆ ಸಾಕು. ಇಲ್ಲಿ ಕೇಳಬೇಕಾದದ್ದು, ಮೊದಲ ದಿನದಿಂದ ಇಂದಿನವರೆಗೆ ಇದು ಒಂದೇ ಕಾರಾಗಿ ಕಡಿಯದೆ ಬಂದಿದೆಯೇ ಎಂಬುದನ್ನು.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತ್ತು. 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಬೆಂಟ್ಲಿಯಲ್ಲಿ ಆ ಗೆಲುವಿನ ಕಾಲದ ಭಾಗಗಳು ತೀರ ಕಡಿಮೆ ಉಳಿದಿದ್ದವು ಎಂಬ ಕಾರಣಕ್ಕೆ ಕೊಳ್ಳಲು ಒಪ್ಪಿದ್ದವರು ಹಿಂದೆ ಸರಿದರು. ಭಾಗಗಳು ಒಂದೊಂದಾಗಿ ಬದಲಾಗಿದ್ದರೂ ಕಾರಿನ ಇತಿಹಾಸ ಎಲ್ಲಿಯೂ ತುಂಡಾಗಿಲ್ಲ, ಆದ್ದರಿಂದ ಇದು ಅದೇ ಕಾರು ಎಂದು 1990ರಲ್ಲಿ ಲಂಡನ್ನಿನ ಹೈಕೋರ್ಟ್ ತೀರ್ಪು ಕೊಟ್ಟಿತು. ನನ್ನ ದೃಷ್ಟಿಯಲ್ಲಿ ನಿಮ್ಮ ಪೆಟ್ಟಿಗೆಯ ಬೆಲೆ ಕಾರಿನ ಬೆಲೆಯ ಅರ್ಧಕ್ಕೆ ಕಡಿಮೆಯಿಲ್ಲ.

ಆ ಕಾರು ಯಾವ ರೇಸಿನಲ್ಲಿ ಓಡಿತು, ಯಾರು ಓಡಿಸಿದರು, ಏನು ಗೆದ್ದಿತು ಎಂಬುದೂ ಬೆಲೆಯನ್ನು ಎತ್ತುತ್ತದೆ. 1954ರ ಜರ್ಮನ್ ಮತ್ತು ಸ್ವಿಸ್ ಗ್ರ್ಯಾಂಡ್ ಪ್ರಿಗಳಲ್ಲಿ ಅರ್ಜೆಂಟೀನಾದ ಚಾಲಕ ಫ್ಯಾಂಜಿಯೊ ಗೆದ್ದ ಮರ್ಸಿಡಿಸ್ ಡಬ್ಲ್ಯೂ196 ಕಾರು 2013ರಲ್ಲಿ ಗುಡ್‌ವುಡ್ ಹರಾಜಿನಲ್ಲಿ ಸುಮಾರು 1 ಕೋಟಿ 96 ಲಕ್ಷ ಪೌಂಡ್ ತಂದಿತು. ಇದಲ್ಲದೆ, ಇಂದು ಆ ಕಾರನ್ನು ಎಲ್ಲಿ ಓಡಿಸಲು ಬಿಡುತ್ತಾರೆ ಎಂಬುದೂ ಮುಖ್ಯ. 1927ರಿಂದ 1957ರವರೆಗಿನ ಇಟಲಿಯ ಮಿಲ್ಲೆ ಮಿಲ್ಯ ರಸ್ತೆ ರೇಸಿನಲ್ಲಿ ಪಾಲ್ಗೊಂಡ ಮಾದರಿಗಳಿಗೆ ಇಂದಿನ ಸ್ಮರಣಾರ್ಥ ಓಟದ ಬಾಗಿಲು ತೆರೆಯುವುದರಿಂದ, ಅಂಥ ಸಾಧಾರಣ ಕಾರಿಗೂ ಒಳ್ಳೆಯ ಬೆಲೆಯಿದೆ. ಆದರೆ ಎಫ್‌ಐಎ (ಮೋಟಾರ್ ರೇಸುಗಳ ಅಂತರರಾಷ್ಟ್ರೀಯ ಒಕ್ಕೂಟ) ಕೊಡುವ ಐತಿಹಾಸಿಕ ತಾಂತ್ರಿಕ ಪಾಸ್‌ಪೋರ್ಟ್ ತೋರಿಸಿ ‘ಅಸಲಿ’ ಎನ್ನುವವರನ್ನು ನಂಬಬೇಡಿ. ಕಾರಿನ ತಾಂತ್ರಿಕ ವಿವರಗಳು ಆ ಕಾಲಕ್ಕೆ ಹೊಂದುತ್ತವೆ ಎಂದಷ್ಟೇ ಅದು ಹೇಳುತ್ತದೆ, ಇತಿಹಾಸಕ್ಕೆ ಸಾಕ್ಷಿ ಹೇಳುವುದಿಲ್ಲ.

ಹರಾಜುಗಳನ್ನು ಗಮನಿಸುವವರೊಬ್ಬರು:
ಎರಡು ಮಾತು ಸಾಕು. ಹರಾಜಿನ ಸುದ್ದಿಯಲ್ಲಿ ಬರುವ ಅಂಕಿಯಲ್ಲಿ ಕೊಳ್ಳುವವರು ಕೊಡುವ ಶುಲ್ಕವೂ ಸೇರಿರುತ್ತದೆ. 2020ರಲ್ಲಿ ‘ಬುಲಿಟ್’ ಚಿತ್ರದ ಮಸ್ಟಾಂಗ್‌ಗೆ ಕೂಗಿದ್ದು 34 ಲಕ್ಷ ಡಾಲರ್, ಕೊಳ್ಳುವವರು ತೆತ್ತದ್ದು 37 ಲಕ್ಷ 40 ಸಾವಿರ. ಇನ್ನು ಕಾಲದ ಏರಿಳಿತ: 1980ರ ದಶಕದ ಕೊನೆಯಲ್ಲಿ ಸಟ್ಟಾ ವ್ಯಾಪಾರದಂತೆ ಏರಿದ್ದ ಬೆಲೆಗಳು 1990ರ ನಂತರ ಕುಸಿದಾಗ ಫೆರಾರಿ 250 ಜಿಟಿಒ ಕೂಡ ಅರ್ಧಕ್ಕಿಂತ ಕೆಳಗಿಳಿದಿತ್ತು, ಅದೇ ಮಾದರಿಯ ಒಂದು ಕಾರು 2018ರಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ನಡುವಿನ ವರ್ಷಗಳಲ್ಲಿ ಕಾರೇನೂ ಬದಲಾಗಿರಲಿಲ್ಲ.

ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಮತ್ತೆ ಹೋಗಿ ನೋಡಿದೆ. ಇ-ಟೈಪಿನ ಎಂಜಿನ್ ಸಂಖ್ಯೆ ಪ್ರಮಾಣಪತ್ರದೊಂದಿಗೆ ಹೊಂದಲಿಲ್ಲ, ಫೋಟೋಗಳೂ ಇಲ್ಲ. ರೇಸ್ ಕಾರಿನ ಪೆಟ್ಟಿಗೆಯಲ್ಲಿ 1966ರಿಂದ 1974ರವರೆಗೆ ಒಂದೂ ಕಾಗದವಿಲ್ಲ. ಈ ಎಂಟು ವರ್ಷಗಳ ಕೊರತೆ ದೊಡ್ಡದೇ?

ಐತಿಹಾಸಿಕ ರೇಸುಗಳಲ್ಲಿ ಓಡಿಸುವವರು:
ಹಳೆಯ ರೇಸ್ ಕಾರನ್ನು ಯಾರೂ ಕೇಳದೆ ಮೂಲೆಗೆ ತಳ್ಳುತ್ತಿದ್ದ ಕಾಲವದು, ಆದ್ದರಿಂದ ಕೊರತೆ ಸಹಜವೇ. ಆದರೆ ಒಂದು ಕಾರು ಎರಡಾಗುವುದೂ ಇಂಥ ವರ್ಷಗಳಲ್ಲಿಯೇ: ಒಬ್ಬರ ಬಳಿ ಮುರಿದ ಫ್ರೇಮ್ ಉಳಿಯುತ್ತದೆ, ಇನ್ನೊಬ್ಬರ ಬಳಿ ಸಂಖ್ಯೆಯ ಫಲಕ ಉಳಿಯುತ್ತದೆ, ಇಬ್ಬರೂ ಮುಂದೆ ಅದೇ ಕಾರನ್ನು ಕಟ್ಟುತ್ತಾರೆ. ಅದೇ ಚಾಸಿಸ್ ಸಂಖ್ಯೆಯನ್ನು ಹೇಳಿಕೊಳ್ಳುವ ಇನ್ನೊಂದು ಕಾರು ಎಲ್ಲಾದರೂ ಇದೆಯೇ ಎಂದು ಆ ಮಾದರಿಯ ದಾಖಲೆ ಇಟ್ಟಿರುವವರನ್ನು ಮೊದಲು ವಿಚಾರಿಸಿ, ಆಮೇಲೆ 1974ರಲ್ಲಿ ಅದನ್ನು ಕೊಂಡವರು ಯಾರಿಂದ ಕೊಂಡರೆಂದು ಹುಡುಕಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.