ಹಣದ ಮುಗ್ಗಟ್ಟಿನ ವರ್ಷ ಊರಿನ ಆಟವನ್ನು ಬಿಡಬೇಕೇ?

ಪ್ರಶ್ನೆ (ಕುಂದಾಪುರ ಕಡೆಯಿಂದ)

ಮಾನ್ಯರೇ, ನಮ್ಮೂರಿನ ದೇವಸ್ಥಾನದ ಉತ್ಸವದ ಮರುದಿನ ಯಕ್ಷಗಾನ ಬಯಲಾಟ ಆಡಿಸುವುದು ಹಿರಿಯರ ಕಾಲದಿಂದ ನಡೆದುಬಂದ ಕ್ರಮ. ಅದರ ಖರ್ಚಿನ ಬಹುಪಾಲು ಬರುತ್ತಿದ್ದುದು ಮುಂಬಯಿ, ಬೆಂಗಳೂರುಗಳಲ್ಲಿ ಹೋಟೆಲು ನಡೆಸುವ ಊರವರಿಂದ ಮತ್ತು ಗಲ್ಫಿನಲ್ಲಿ ದುಡಿಯುವವರಿಂದ. ಎರಡು ವರ್ಷಗಳಿಂದ ಅವರ ವ್ಯಾಪಾರ ಇಳಿದಿದೆ, ಕೆಲವರು ಕೆಲಸ ಹೋಗಿ ಮರಳಿದ್ದಾರೆ. ಈ ಸಲ ರಸೀದಿ ಪುಸ್ತಕ ಅರ್ಧಕ್ಕೇ ನಿಂತಿದೆ. ಒಂದು ವರ್ಷ ಆಟ ಬಿಡೋಣ ಎಂದು ಸಮಿತಿಯಲ್ಲಿ ಮಾತು ಬಂದಿದೆ. ಒಮ್ಮೆ ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಕಷ್ಟವೆಂಬ ಭಯ ನನ್ನದು. ಬೇರೆ ಊರಿನವರು ಇಂಥ ಹೊತ್ತಿನಲ್ಲಿ ಏನು ಮಾಡಿದಿರಿ?

ಉತ್ತರ (ಬಂಟ್ವಾಳದಿಂದ)

ನನ್ನ ತಂದೆ ಮೇಳದ, ಅಂದರೆ ಯಕ್ಷಗಾನ ತಂಡದ, ಜೊತೆ ಊರೂರು ಸುತ್ತಿ ಮೂವತ್ತು ವರ್ಷ ತಿರುಗಾಟ ಮಾಡಿದ ವೇಷಧಾರಿ. ದೀಪಾವಳಿಯ ಬಳಿಕ ಗೆಜ್ಜೆ ಕಟ್ಟಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಬಿಚ್ಚುವ ಕಲಾವಿದರಿಗೆ ಆ ಆರು ತಿಂಗಳ ರಾತ್ರಿಗಳೇ ವರ್ಷದ ಅನ್ನ. ಮಳೆಗಾಲದಲ್ಲಿ ಚಿಕ್ಕಮೇಳವೆಂಬ ಸಣ್ಣ ತಂಡ ಕಟ್ಟಿಕೊಂಡು ಮನೆಮನೆಗೆ ಹೋಗುವುದರಿಂದ ಸಿಗುವುದು ಅಲ್ಪ. 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ತಿರುಗಾಟ ನಡುವೆಯೇ ನಿಂತಾಗ ಅಪ್ಪ ಗೆಜ್ಜೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿಟ್ಟು ಅಡಿಕೆ ಸುಲಿಯುವ ಕೂಲಿಗೆ ಹೋದರು. ನಿಮ್ಮ ಕಡೆಯ ಮಂದಾರ್ತಿ, ನಮ್ಮ ಕಡೆಯ ಕಟೀಲು ದೇವಸ್ಥಾನಗಳ ಮೇಳಗಳಿಗೆ ಹರಕೆಯ ಆಟಗಳು ವರ್ಷಗಳ ಮೊದಲೇ ನಿಗದಿಯಾಗಿರುತ್ತವೆ. ದೇವಿಗೆ ಹೇಳಿಕೊಂಡದ್ದನ್ನು ಕಷ್ಟದಲ್ಲೂ ಜನ ತೀರಿಸುತ್ತಾರೆ. ಟಿಕೆಟು ನಂಬಿದ ಡೇರೆ ಮೇಳಗಳಿಗೆ ಆ ಆಸರೆಯಿಲ್ಲ. ಕಲಾವಿದರ ಅನ್ನ ಆಟಗಳನ್ನೇ ನಂಬಿರುವುದರಿಂದ ದೀಪಾಲಂಕಾರ, ಫ್ಲೆಕ್ಸು, ಸನ್ಮಾನದ ಶಾಲುಗಳನ್ನು ಮೊದಲು ಕಡಿಮೆ ಮಾಡಿ. ಮೇಳಕ್ಕೆ ಕೊಡುವ ವೀಳ್ಯದ ಹಣದಲ್ಲಿ ಮಾತ್ರ ದಯವಿಟ್ಟು ಚೌಕಾಸಿ ಬೇಡ.

ಉತ್ತರ (ಬಾದಾಮಿಯಿಂದ)

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ವಾರಗಟ್ಟಲೆ ಬೀಡು ಬಿಡುತ್ತವೆ. ಮಳೆ ಕೈಕೊಟ್ಟ ವರ್ಷವೂ ಜಾತ್ರೆಗೆ ಜನ ಕಡಿಮೆಯಾಗುವುದಿಲ್ಲ, ತೇರು ನಿಲ್ಲುವುದಿಲ್ಲ; ಆದರೆ ದರ್ಶನ ಮುಗಿಸಿದವರು ನಾಟಕದ ಟಿಕೆಟು ಕಿಟಕಿಯ ಮುಂದೆ ಕ್ಷಣಹೊತ್ತು ನಿಂತು ಮಕ್ಕಳನ್ನು ಕರೆದುಕೊಂಡು ಮುಂದೆ ಹೋಗುತ್ತಾರೆ. ಹಬ್ಬ ಉಳಿದರೂ ಹಬ್ಬವನ್ನು ನಂಬಿದ ಕಲೆ ಸೊರಗುವುದು ಹೀಗೆಯೇ.

ಉತ್ತರ (ಮುಂಬಯಿಯಿಂದ)

ನಾನು ಘಾಟ್ಕೋಪರಿನಲ್ಲಿ ಸಣ್ಣ ಹೋಟೆಲು ನಡೆಸುತ್ತೇನೆ. ಪ್ರತಿವರ್ಷ ಊರಿನ ಆಟಕ್ಕೆ ಐದು ಸಾವಿರ ಕೊಡುತ್ತಿದ್ದ ನನಗೆ ಈ ಸಲ ಐನೂರಕ್ಕಿಂತ ಹೆಚ್ಚು ಕೊಡಲಾಗದು. ಆ ಸಂಕೋಚಕ್ಕೆ ನಮ್ಮ ಸಮಿತಿಯವರ ಫೋನನ್ನೇ ಎತ್ತಲಿಲ್ಲ. ನಿಮ್ಮಲ್ಲೂ ಕೊಡಲಾರದವರಿಗಿಂತ ಕಡಿಮೆ ಕೊಡಲು ನಾಚುವವರೇ ಹೆಚ್ಚಿರಬಹುದು. ಆಮಂತ್ರಣದಲ್ಲಿ ‘ಹತ್ತು ಸಮಸ್ತರ ಆಟ’ (ಊರವರೆಲ್ಲ ಸೇರಿ ಆಡಿಸುವ ಆಟ) ಎಂದು ಅಚ್ಚು ಹಾಕಿಸಿ, ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಓದುವುದನ್ನು ಈ ವರ್ಷ ಬಿಡಿ. ನಿಮ್ಮ ಪ್ರಶ್ನೆ ಓದಿದ ಮೇಲೆ ನಾನೂ ನಮ್ಮೂರಿನವರಿಗೆ ಫೋನು ಮಾಡಿದೆ. ಐನೂರು ನಾಳೆ ಕಳಿಸುತ್ತೇನೆ.